ಅಡ್ಡಹೆಸರು ಕೇಳೋ ಡಾಕ್ಟರು

ಜಗತ್ ಸರ್ಕಲ್ಲಿನ ಡಾಕ್ಟರ್ ಸುಜಯೀಂದ್ರ ರೋಗಿಯ ಗಂಟು ಮುಟ್ಟೋಕಿಂತ ಮೊದಲ ಅಡ್ಡಹೆಸರು ಕೇಳ್ತಾರ. ಮಾಂಸ ತಿನ್ನೋ ಮನಿಯವರಾದ್ರ ಲಾಡಿಹುಳದ ಗಂಟು, ತಿನ್ನದವರಾದ್ರ ಕೊಬ್ಬಿನ ಗಂಟು. ಅಲ್ಲಿಗೆ ತಪಾಸಣೆ ಮುಗೀತು. ಕಮಲಾಪುರದ ಶಂಕ್ರಮ್ಮ ತೋಳಿನ ಗಂಟು ತೋರಿಸಿ, "ಸ್ಕ್ಯಾನ್ ಮಾಡಸ್ಲೇನ್ರೀ ಸಾಹೇಬ್ರ?" ಅಂದ್ರ, "ಲಿಂಗ ಕಟ್ಟಿದವರಿಗೆ ಹಂದಿ ಮಾಂಸದ ಲಾಡಿಹುಳ ಎಲ್ಲಿಂದ ಬರ್ತದವ್ವಾ? ಮಂದಿ ಕೇಳಿದ್ರ ನಕ್ಕಾರು!" ಅಂತ ಎಬ್ಬಿಸಿ ಕಳಸ್ತಾರ. ಹುಳದ ತತ್ತಿ ಹೊಲಸು ನೀರಿನಾಗ ಬೆಳೆದ ಸೊಪ್ಪಿನ ಮ್ಯಾಲೂ ಬರ್ತದ, ಅದು ಯಾರ ಕುಲಗೋತ್ರಾನೂ ಕೇಳೋದಿಲ್ಲ ಅಂತ ಪರೀಕ್ಷಾದಾಗ ಬರೆದು ಪಾಸಾದವರಿವರು. ಆದ್ರೂ ಮಾಂಸ ಮುಟ್ಟದ ಮನಿತನದ ಈ ಡಾಕ್ಟರು ಮಧ್ಯಾಹ್ನ ರೊಟ್ಟಿ ಜೋಡಿ ಹಸಿ ಹಕ್ಕರಕಿ ಸೊಪ್ಪು ತೊಳೀದೇ, ಬರೇ ಝಾಡಿಸಿ ಬಾಯಿಗಿಡ್ತಾರ, "ಶುದ್ಧ ಸಾತ್ವಿಕ ನೋಡ್ರೀ!" ಅಂತಾರ. ನಾಯಿ ಸುದ್ದಾ ನೆರಳು ಹುಡುಕೋ ಕಲಬುರಗಿ ಬ್ಯಾಸಗ್ಯಾಗೂ ತುಂಬುತೋಳಿನ ಅಂಗಿ ಬಿಡೋದಿಲ್ಲ. ಅದು ದೊಡ್ಡಸ್ತಿಕಿ ಅಂತ ನಾ ತಿಳಿದಿದ್ದೆ. ಮೊನ್ನೆ ನನ್ನ ಮೊಣಕಾಲು ತೋರಿಸಾಕ ಸೊಲ್ಲಾಪುರಕ್ಕ ಹೋದಾಗ, ಅಲ್ಲಿಯ ಸ್ಕ್ಯಾನ್ ಸೆಂಟರಿನ ಮೂಲ್ಯಾಗ ಇವರು ಅಂಗಿ ತೋಳು ಮಡಚಿಕೊಂಡು ಕುಂತಿದ್ರು; ಮೊಣಕೈ ಮ್ಯಾಲ ಗೋಲಿಯಷ್ಟು ಗಂಟು. ಒಳಗಿಂದ, ಚೀಟಿಗೆ ಬರೆಸಿದ್ದ ಮಾಂಸ ತಿನ್ನೋ ಮನಿತನದ ಅಡ್ಡಹೆಸರೊಂದು ಕೂಗಿದ್ರು. ಎದ್ದು ನಿಂತವರು ನಮ್ಮ ಡಾಕ್ಟರು.