ಉಕ್ಕಿದರೂ ಆರದ ಒಲೆ

ತೊಂಬತ್ತೈದನೇ ಇಸವಿಯ ಪೊಂಗಲ್ ದಿನ ವೆಂಕಟಲಕ್ಷ್ಮಮ್ಮನವರ ಮನೆಯಲ್ಲಿ ಹಾಲು ಉಕ್ಕಿತು, ಒಲೆ ಆರಿತು.

ಹಾಲು ಉಕ್ಕುವುದು ಬೇಕಾದದ್ದೇ. ಹೊಸ ಮಡಕೆಯಲ್ಲಿ ಹಾಲಿಟ್ಟು, ಅದು ಅಂಚು ಮೀರಿ ಸುರಿದ ಮೇಲೆ ಹೊಸ ಅಕ್ಕಿ ಹಾಕುವುದು ತಮಿಳುನಾಡಿನ ಪಾಲಕೋಡ್ ಸುತ್ತಿನ ನಮ್ಮ ಕನ್ನಡದ ಮನೆಗಳಲ್ಲೂ ನಡೆದು ಬಂದ ಪದ್ಧತಿ. ಯಾವ ದಿಕ್ಕಿಗೆ ಉಕ್ಕಿತು ಎಂದು ಹಿರಿಯರು ಬಾಗಿ ನೋಡುತ್ತಾರೆ. ಮೂಡಲಿಗೆ ಉಕ್ಕಿದರೆ ಆ ವರ್ಷ ಮನೆಗೆ ಒಳ್ಳೆಯದು. ಸೌದೆ ಒಲೆಯಾದರೆ ಹಾಲು ಕೆಂಡದ ಮೇಲೆ ಬಿದ್ದು ಚುಂಯ್ ಅನ್ನುತ್ತದೆ, ಉರಿ ಪಕ್ಕಕ್ಕೆ ಸರಿದು ಮತ್ತೆ ಏಳುತ್ತದೆ. ಅವತ್ತು ಮಡಕೆ ಕೂತಿದ್ದು ಗೋಬರ್ ಗ್ಯಾಸಿನ ಒಲೆಯ ಮೇಲೆ. ಹಾಲು ಬಿದ್ದೊಡನೆ ನೀಲಿ ಉರಿ ಒಮ್ಮೆ ನಡುಗಿ ಸತ್ತುಹೋಯಿತು. "ಪೊಂಗಲೋ ಪೊಂಗಲ್" ಎಂದು ಕೂಗಲು ಬಾಯಿ ತೆರೆದವರು ಹಾಗೆಯೇ ನಿಂತರು. ವೆಂಕಟಲಕ್ಷ್ಮಮ್ಮ ಕೈ ಚಾಚಿ ಗ್ಯಾಸಿನ ತಿರುಪು ಮುಚ್ಚಿದರು.

ಮೊದಲು ಮಾತಾಡಿದವರು ಗೋವಿಂದಮ್ಮ. ವೆಂಕಟಲಕ್ಷ್ಮಮ್ಮನ ಗಂಡ ಸಿದ್ದಪ್ಪನವರಿಗೆ ಅವರು ದೊಡ್ಡಮ್ಮ. ತಾಯಿ ತೀರಿಕೊಂಡ ಮೇಲೆ ಸಿದ್ದಪ್ಪನವರನ್ನು ಸಾಕಿದವರು. ಊರಿಗೆಲ್ಲ ಅವರು ದೊಡ್ಡಮ್ಮನೇ.

"ನೋಡ್ಲಾ ಸಿದ್ದಾ, ಸ್ವಾಮಿ ಬ್ಯಾಡ ಅಂದ್ಬುಟ್ಟ. ಕೊಳೆತ ಗಾಳೀಲಿ ಬೇಯ್ಸಿದ್ದನ್ನ ಸೂರ್ಯದೇವ್ರಿಗೆ ಇಕ್ತೀರಾ?"

"ಆರಿದ್ರೆ ಏನ್ ದೊಡ್ಡಮ್ಮ, ಇನ್ನೊಂದು ಕಡ್ಡಿ ಗೀರಿದ್ರಾಯ್ತು."

"ಗೀರು, ಗೀರು. ನಿನ್ ಮದ್ವೆ ದೀಪ ಆರಿದ್ರೂ ಇಂಗೇ ಅಂತಿದ್ದೆ ನೀನು."

ದೊಡ್ಡಮ್ಮ ಊಟ ಮಾಡದೆ ಎದ್ದರು. ಬಾಗಿಲು ದಾಟುವ ಮುಂಚೆ ತಿರುಗಿ ನಿಂತು, "ಬರೋ ಪೊಂಗ್ಲಿಗೂ ಇಂಗೇ ಆದ್ರೆ ಆ ಗುಂಡಿ ಮುಚ್ಚುಸ್ಬುಡು. ಇಲ್ಲಾಂದ್ರೆ ನಿಮ್ಮನೇಲಿ ನಾನು ತಣ್ಣೀರೂ ಕುಡಿಯಾಕಿಲ್ಲ" ಅಂದರು. ಸಿದ್ದಪ್ಪನವರು ತಲೆ ತಗ್ಗಿಸಿ "ಸರಿ ದೊಡ್ಡಮ್ಮ" ಅಂದುಬಿಟ್ಟರು. ಒಲೆಯ ಹತ್ತಿರ ಕೂತಿದ್ದ ಹೆಂಡತಿಗೆ ಆ ಮಾತು ಕೇಳಿಸಿತು.

ಆ ಗೋಬರ್ ಗ್ಯಾಸಿನ ಗುಂಡಿ ವೆಂಕಟಲಕ್ಷ್ಮಮ್ಮನವರ ಹಟದಿಂದ ಬಂದದ್ದು. ಊರ ಹಿಂದಿನ ಗುಡ್ಡದಲ್ಲಿ ಮುನೇಶ್ವರನ ಕಲ್ಲಿದೆ, ಅದಕ್ಕೆ ನೆರಳಾಗಿ ಒಂದು ಬೇವಿನ ಮರ. ಹೆಂಗಸರೆಲ್ಲ ಸೌದೆಗೆ ಹೋಗುತ್ತಿದ್ದುದು ಆ ಗುಡ್ಡಕ್ಕೇ. ಒಂದು ಹೊರೆ ಸೌದೆ ಸಿಗಬೇಕಾದರೆ ವರ್ಷದಿಂದ ವರ್ಷಕ್ಕೆ ಇನ್ನೂ ಮೇಲೆ ಹತ್ತಬೇಕಾಯಿತು. ಒಂದು ದಿನ ವೆಂಕಟಲಕ್ಷ್ಮಮ್ಮ ಹೋಗಿ ನೋಡುತ್ತಾರೆ, ಬೇವಿನ ಕೊಂಬೆಗಳೂ ಇಲ್ಲ. ಸ್ವಾಮಿ ಬಿಸಿಲಲ್ಲಿ ಕೂತಿದ್ದಾನೆ. ಅವರು ಖಾಲಿ ಕೈಯಲ್ಲಿ ಇಳಿದು ಬಂದರು.

ಅದೇ ತಿಂಗಳು ಸೇಲಂ ಕಡೆಯ ಕೃಷ್ಣಪ್ರಸಾದ್ ಎಂಬ ಆಫೀಸರು ಗೋಬರ್ ಗ್ಯಾಸಿನ ವಿಷಯ ಹೇಳಲು ಊರಿಗೆ ಬಂದಿದ್ದರು. ಮನೆಯಲ್ಲಿ ಕನ್ನಡ ಮಾತಾಡುವವರು, ಹಾಗಾಗಿ ಹೆಂಗಸರೂ ಧೈರ್ಯವಾಗಿ ಕೇಳಿದರು. "ತಿಪ್ಪೇಲಿ ಸಗಣಿ ಕೊಳೆತಾಗ್ಲೂ ಈ ಗ್ಯಾಸು ಬರುತ್ತಮ್ಮ. ಸುಮ್ನೆ ಮೇಲಕ್ಕೆ ಹೋಗಿ ಭೂಮಿ ಸುತ್ತ ಕಂಬಳಿ ಹೊದಿಸ್ದಂಗೆ ಕಾವು ಹಿಡಿದಿಡುತ್ತೆ. ಅದನ್ನೇ ಒಲೇಲಿ ಉರಿಸಿದ್ರೆ ಆ ಕಾವು ಎಷ್ಟೋ ಕಮ್ಮಿ. ಮರಾನೂ ಉಳಿಯುತ್ತೆ" ಅಂದರು. ಭೂಮಿಯ ಕಾವಿನ ಮಾತು ಅವತ್ತು ಎಲ್ಲರಿಗೂ ಅರ್ಥವಾಗಲಿಲ್ಲ. ಮರ ಉಳಿಯುತ್ತದೆ ಅನ್ನುವುದಂತೂ ವೆಂಕಟಲಕ್ಷ್ಮಮ್ಮನಿಗೆ ಅರ್ಥವಾಯಿತು. ಕೊಟ್ಟಿಗೆಯ ಪಕ್ಕದಲ್ಲಿ ಗುಂಡಿ ತೋಡಿ, ಇಟ್ಟಿಗೆಯ ಗುಮ್ಮಟ ಕಟ್ಟಿಸುವವರೆಗೆ ಅವರು ಗಂಡನನ್ನು ಬಿಡಲಿಲ್ಲ.

ದಿನಾ ಬೆಳಿಗ್ಗೆ ಸಗಣಿಗೆ ಸಮ ನೀರು ಬೆರೆಸಿ, ಕಸಕಡ್ಡಿ ಆರಿಸಿ, ಗುಂಡಿಗೆ ಬಿಡುವುದು. ಒಳಗೆ ಹುಳಿತು ಬಂದ ಗ್ಯಾಸು ಪೈಪಿನಲ್ಲಿ ಒಲೆಗೆ. ಆಚೆ ಬಂದ ಬಗ್ಗಡ ಟೊಮ್ಯಾಟೊ ಹೊಲಕ್ಕೆ. ಸೌದೆಯ ಕೆಲಸ ತಪ್ಪಿತು. ಈಗ ಅವರು ಗುಡ್ಡಕ್ಕೆ ಹೋಗುತ್ತಿದ್ದುದು ಬೇವಿಗೆ ಒಂದು ಬಿಂದಿಗೆ ನೀರು ಹೊತ್ತುಕೊಂಡು. ಬೋಳು ಮರ ಅಲ್ಲಲ್ಲಿ ಚಿಗುರಿತ್ತು. ಗುಂಡಿ ಮುಚ್ಚಿದರೆ ಮತ್ತೆ ಕುಡುಗೋಲು ಹಿಡಿದು ಅಲ್ಲಿಗೇ ಹೋಗಬೇಕು.

ಬುದ್ಧಿ ಹೇಳುವವರಿಗೆ ಕೊರತೆ ಇರಲಿಲ್ಲ. ಮಡಕೆಗೆ ಅರ್ಧವೇ ಹಾಲು ಹಾಕು ಅಂದರು ಒಬ್ಬರು. ಉಕ್ಕದಿದ್ದರೆ ಅದು ಪೊಂಗಲ್ ಹೇಗಾದೀತು? ಮುಂದಿನ ಸಲ ಬಂದಾಗ ಕೃಷ್ಣಪ್ರಸಾದರೂ, "ಉಕ್ಕೋ ಹೊತ್ತಿಗೆ ಉರಿ ತಗ್ಗಿಸ್ಬಿಡಿ" ಅಂದರು.

"ಯಾಕ್ ಸಾರ್, ನಿಮ್ಮ ಸೇಲಂನಾಗೆ ಪೊಂಗಲ್ ಆಲು ಉಕ್ಕಾಕಿಲ್ವಾ?" ಎಂದು ಸಿದ್ದಪ್ಪನವರು ಕೇಳಿದಾಗ ಅವರೂ ನಕ್ಕುಬಿಟ್ಟರು.

ಮಳೆಗಾಲ ಕಳೆದ ಮೇಲೆ ಒಂದು ಪ್ರದೋಷದ ಸಂಜೆ ವೆಂಕಟಲಕ್ಷ್ಮಮ್ಮ ಈಶ್ವರನ ಗುಡಿಯಲ್ಲಿ ಕೂತಿದ್ದರು. ಲಿಂಗಕ್ಕೆ ಹಾಲಿನ ಅಭಿಷೇಕ ನಡೆಯುತ್ತಿತ್ತು. ಚೊಂಬಿನ ಮೇಲೆ ಚೊಂಬು ಹಾಲು ಸುರಿದರೂ ಪಕ್ಕದ ದೀಪ ಅಲುಗಲಿಲ್ಲ. ಹಾಲು ಲಿಂಗದಿಂದ ಇಳಿದು, ಪೀಠದ ಅಂಚಿನೊಳಗೆ ಸುತ್ತಿ, ಪೀಠದ ಬಾಯಿಂದ ಆಚೆ ಹರಿಯುತ್ತಿತ್ತು. ಅವರು ಮಂಗಳಾರತಿಗೆ ಕೈ ಮುಗಿಯುವುದನ್ನೂ ಮರೆತು ಅದನ್ನೇ ನೋಡಿದರು. "ಅವನೇ ತೋರ್ಸಿದ್ದು" ಎಂದು ಇವತ್ತಿಗೂ ಹೇಳುತ್ತಾರೆ.

ಮರುದಿನ ಕುಂಬಾರ ನಂಜಯ್ಯನ ಮುಂದೆ ಕೂತು, ಮಡಕೆಯ ಭುಜದ ಸುತ್ತ ಅಗಲವಾದ ಮಣ್ಣಿನ ಪಟ್ಟಿ ಬೇಕು, ಅದಕ್ಕೆ ಏರಿದ ಅಂಚು ಬೇಕು ಎಂದು ಬೆರಳಲ್ಲಿ ಗೀಚಿ ತೋರಿಸಿದರು.

"ಕತ್ತಿಗೆ ಪಟ್ಟೀನಾ? ಏನಕ್ಕಾ, ಮಡಕೆ ಮದ್ವೆಗೆ ಓಯ್ತೈತಾ?"

"ಓಯ್ತೈತೆ ಅಂದ್ಕೋ. ಉಕ್ಕಿದ ಆಲು ಒಂದು ತೊಟ್ಟೂ ಉರಿಗೆ ಬೀಳ್ಬಾರ್ದು ನಂಜಯ್ಯ. ಪಟ್ಟಿ ಮ್ಯಾಲೆ ಓಡಿ, ಒಲೆ ದಾಟಿ ಆಚೆ ಬೀಳ್ಬೇಕು."

"ಸರಿ. ಆಲು ಬೀಳೋ ಬಾಯಿ ಮೂಡ್ಲಾಗೇ ಇಕ್ಬುಡ್ಲಾ? ದೊಡ್ಡಮ್ಮನ ಬಾಯಿ ಮುಚ್ಚೋಯ್ತದೆ."

ವೆಂಕಟಲಕ್ಷ್ಮಮ್ಮ ತಲೆ ಅಲ್ಲಾಡಿಸಿದರು. "ಬ್ಯಾಡ. ಅದು ಸ್ವಾಮಿಗೇ ಮೋಸ ಮಾಡ್ದಂಗೆ. ನಾಕು ದಿಕ್ಕಿಗೂ ಒಂದೊಂದು ಬಾಯಿ ಇಕ್ಕು. ಎತ್ಲಾಗ್ ಓಗ್ಬೇಕೋ ಅವನೇ ನೋಡ್ಕೊಳ್ಳಿ."

ಮೊದಲ ಮಡಕೆ ಸುಡುವಾಗ ಆವಿಗೆಯಲ್ಲೇ ಬಿರುಕು ಬಿಟ್ಟಿತು. ಇನ್ನೊಂದರ ಪಟ್ಟಿಯ ಅಗಲ ಸಾಲದೆ, ಗಂಜಿ ಉಕ್ಕಿಸಿ ನೋಡಿದಾಗ ಒಲೆ ಮತ್ತೆ ಆರಿತು. ನಂಜಯ್ಯ ಗೊಣಗುತ್ತಲೇ ಮತ್ತೆ ಚಕ್ರ ತಿರುಗಿಸಿದ. ಅಷ್ಟರಲ್ಲಿ ಮಾರ್ಗಳಿ ತಿಂಗಳ ಚಳಿ ಬಂದು ಗ್ಯಾಸೇ ಕಡಿಮೆಯಾಯಿತು. ಬಿಸಿಲಲ್ಲಿಟ್ಟು ಬೆಚ್ಚಗಾದ ನೀರನ್ನು ಸಗಣಿಗೆ ಬೆರೆಸಿ ಎಂದು ಹೇಳಿದವರು ಕೃಷ್ಣಪ್ರಸಾದ್. ಒಲೆಯನ್ನು ಅಂಗಳಕ್ಕೆ ತರಲು ಉದ್ದದ ಪೈಪನ್ನೂ ಅವರೇ ತಂದುಕೊಟ್ಟರು. ಹಬ್ಬದ ಹಿಂದಿನ ದಿನ ಮನೆಯವರೆಲ್ಲ ಬೆಳಗಿನ ಮುದ್ದೆಯನ್ನೇ ರಾತ್ರಿಗೂ ಉಂಡು ಗ್ಯಾಸು ಉಳಿಸಿದರು.

ಪೊಂಗಲ್ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ, ಕಬ್ಬು, ಅರಿಶಿನದ ಗಿಡ, ನಡುವೆ ಒಲೆ. ದೊಡ್ಡಮ್ಮ ಬಂದು ಜಗಲಿಯ ಮೇಲೆ ಕೂತರು. "ಇದೇನಮ್ಮಿ, ಮಡಕೆ ಲಂಗ ಉಟ್ಕಂಡೈತೆ?" ಅಂದರು. ಸುತ್ತಲಿದ್ದವರು ನಕ್ಕರು. ವೆಂಕಟಲಕ್ಷ್ಮಮ್ಮ ಮುನೇಶ್ವರನನ್ನು ನೆನೆದು ಕಡ್ಡಿ ಗೀರಿದರು.

ಹಾಲು ಮೇಲೆದ್ದಿತು. ಎಲ್ಲರೂ ಮಡಕೆಯ ಬಾಯಿ ನೋಡುತ್ತಿದ್ದರೆ ದೊಡ್ಡಮ್ಮ ಮಾತ್ರ ಬಾಗಿ ಕೆಳಗಿನ ಉರಿಯನ್ನು ನೋಡುತ್ತಿದ್ದರು. ಬಿಳಿ ನೊರೆ ಅಂಚು ದಾಟಿತು, ಪಟ್ಟಿಗೆ ಇಳಿಯಿತು, ಸುತ್ತಿತು. ಬಡಗಣ ಬಾಯಲ್ಲಿ ಒಂದು ಎಳೆಯಷ್ಟು ಇಣುಕಿ ನಿಂತಿತು. ಆಮೇಲೆ ಮೂಡಣದ ಬಾಯಿಂದ ಧೋ ಎಂದು ರಂಗೋಲಿಯ ಮೇಲೆ ಸುರಿಯಿತು. ಕೆಳಗೆ ಉರಿ ನೀಲಿಯಾಗಿ, ಅಲುಗದೆ ಉರಿಯುತ್ತಿತ್ತು.

"ಪೊಂಗಲೋ ಪೊಂಗಲ್!" ಕೂಗು ಪಕ್ಕದ ಬೀದಿಗೂ ಕೇಳಿಸಿತು. ನಂಜಯ್ಯ ತನ್ನದೇ ಮದುವೆಯೇನೋ ಎಂಬಂತೆ ಕುಣಿಯುತ್ತಿದ್ದ.

ದೊಡ್ಡಮ್ಮ ಎದ್ದು ಬಂದು ಒಲೆಯ ಹತ್ತಿರ ಅಂಗೈ ಒಡ್ಡಿದರು. "ಇನ್ನೂ ಉರೀತೈತೆ" ಅಂದರು, ಮೆಲ್ಲಗೆ. ಮರುಗಳಿಗೆಯೇ ಅವರ ಹಳೆಯ ದನಿ ಬಂತು: "ಆಲುಕ್ಕಿದ್ ಮ್ಯಾಲೂ ಬಾಯ್ ಬಿಟ್ಕಂಡು ನಿಂತಿದ್ದೀರಲ್ಲ, ಅಕ್ಕಿ ಎಲ್ರಲಾ?" ಅಕ್ಕಿಯ ಮೊರ ತರಿಸಿಕೊಂಡು ಮೊದಲ ಹಿಡಿ ಅಕ್ಕಿಯನ್ನು ತಾವೇ ಹಾಕಿದರು. ಊಟಕ್ಕೆ ಕೂತು ಪೊಂಗಲನ್ನು ಎರಡನೇ ಸಲವೂ ಬಡಿಸಿಕೊಂಡು, ಸಿದ್ದಪ್ಪನವರನ್ನು ಕರೆದರು.

"ಏನ್ಲಾ, ಆ ಪೈಪು ನಮ್ಮನೆ ಗಂಟ ಬತ್ತದಾ?"

"ನಿಮ್ಮ ಕೊಟ್ಟಿಗೇಲೂ ಅಸ ಐತಲ್ಲ ದೊಡ್ಡಮ್ಮ. ಗುಂಡಿ ತೋಡ್ಸಿ."

"ಮತ್ತೆ ಉಂಡು ಮಲಿಕ್ಕಬ್ಯಾಡ. ಗುದ್ಲಿ ತಕ್ಕಂಡ್ ಬಾ."

ಆ ಮಧ್ಯಾಹ್ನ ವೆಂಕಟಲಕ್ಷ್ಮಮ್ಮ ಬಾಳೆ ಎಲೆಯಲ್ಲಿ ಪೊಂಗಲ್ ಕಟ್ಟಿಕೊಂಡು, ಬಿಂದಿಗೆ ಹೊತ್ತು ಗುಡ್ಡ ಹತ್ತಿದರು. ಬೇವಿನ ಬುಡಕ್ಕೆ ನೀರು ಸುರಿದು ಸ್ವಾಮಿಗೆ ಎಡೆ ಇಟ್ಟರು. ಹೊಸ ಚಿಗುರಿನ ನೆರಳು ಇನ್ನೂ ತೆಳ್ಳಗಿತ್ತು. ಆದರೂ ಕಲ್ಲನ್ನು ಮುಟ್ಟಿ ನೋಡಿದರೆ ತಣ್ಣಗಿತ್ತು.