ಹಿತ್ತಲ ಗೋಡೆಗೊಂದು ವಿಮೆ

ನನ್ನ ತಮ್ಮ ಕಿಕ್ಕೇರಿಯಲ್ಲಿ ವಿಮೆ ಏಜೆಂಟು. ಎರಡು ವರ್ಷದ ಹಿಂದೆ ಅವನು ನಮ್ಮ ಮನೆಗೆ ಬಂದು, ಬೆಂಕಿಗೆ ಮಾತ್ರವಲ್ಲ, ಭೂಕಂಪಕ್ಕೂ ಮನೆಯ ಮೇಲೆ ವಿಮೆ ಮಾಡಿಸಬಹುದು ಎಂದಾಗ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

“ಭೂಮ್ತಾಯಿ ಮೇಲೆ ಅನುಮಾನ ಪಟ್ಟು ಕಾಗದ ಬರ್ಸದಾ? ಗೋಡೆ ಬಿದ್ರೆ ಊರು ಬತ್ತದೆ ಕಣಪ್ಪ. ನಾಟಿಗೆ ಬರಾಕಿಲ್ವಾ, ಅಂಗೇಯ” ಎಂದು ಮಜ್ಜಿಗೆ ಕೊಟ್ಟು ಕಳಿಸಿಬಿಟ್ಟರು.

ಅವರು ಹೇಳಿದ್ದು ಮುಯ್ಯಾಳಿನ ವಿಷಯ. ಪಾಂಡವಪುರದ ಕಡೆಯ ನಮ್ಮೂರಲ್ಲಿ ಇವತ್ತು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು. ಕೂಲಿಯ ಮಾತೇ ಇಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಅಡುಗೆಮನೆಯ ಹಿತ್ತಲ ಕಡೆಯ ಮಣ್ಣಿನ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು. “ಬಿದ್ದ ಮೇಲೆ ಊರು ಬರೋದು ನನ್ನ ಹೊತ್ಕೊಂಡು ಹೋಗೋಕಾ?” ಎಂದು ವಾರವೆಲ್ಲ ಪಾತ್ರೆ ಕುಕ್ಕಿದೆ. ಮನೆಯ ಖಾತೆ ಅತ್ತೆಯ ಹೆಸರಲ್ಲಿತ್ತು. ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಆ ಬಿರುಕು ಊರಾಚೆಯ ಕಲ್ಲು ಕ್ವಾರಿಯ ಕೊಡುಗೆ. ದಿನಾ ಸೈರನ್ನು ಕೂಗುತ್ತದೆ, ಸ್ವಲ್ಪ ಹೊತ್ತಿಗೆ ಬಂಡೆ ಸಿಡಿಸುತ್ತಾರೆ, ನೆಲ ಒಮ್ಮೆ ಅದುರುತ್ತದೆ. ಸೈರನ್ನು ಕೇಳಿದ ಕೂಡಲೇ ನಮ್ಮೂರ ಹೆಂಗಸರು ಒಳಗೆ ಓಡಿ, ನಾಗಂದಿಗೆಯ ಮೇಲಿನ ಪಾತ್ರೆಗಳು ಉರುಳದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತೇವೆ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ನನಗೆ ಕಲಿಸಿದ ವಿದ್ಯೆ ಅದು. ಬೇರೆ ಊರಿನವರು ನೆಲ ಅದುರಿದರೆ ಆಚೆಗೆ ಓಡುತ್ತಾರಂತೆ. ನಾವು ಒಳಗೆ ಓಡುವ ಜಾಣೆಯರು.

ಕಳೆದ ವರ್ಷ ಅವರೆಕಾಯಿ ಕಾಲ. ಬೆಳಿಗ್ಗೆ ನನ್ನ ಗಂಡ ಶ್ರೀರಂಗಪಟ್ಟಣಕ್ಕೆ ಕೆಲಸಕ್ಕೆ ಹೋಗಿದ್ದರು. ಅತ್ತೆ ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದರು, ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನೆಲ ಅದುರಿತು. “ಈ ಕ್ವಾರಿಗಿಷ್ಟು ಮಣ್ಣಾಕ!” ಎಂದು ಬೈಯುತ್ತಾ ಅಭ್ಯಾಸದಂತೆ ಒಳಗೆ ಓಡಿ, ಬಿರುಕುಬಿಟ್ಟ ಅದೇ ಗೋಡೆಯ ನಾಗಂದಿಗೆಗೆ ಕೈ ಕೊಟ್ಟು ನಿಂತೆ. ಈ ಸಲ ಅದುರುವುದು ನಿಲ್ಲಲಿಲ್ಲ.

“ಸೈರನ್ನು ಕೂಗ್ನಿಲ್ಲ ಕಣಮ್ಮಿ! ಬಾ ಈಚ್ಗೆ!” ಎಂದು ಅತ್ತೆ ಕೂಗಿದರು.

ನನಗೆ ಕೇಳಿಸಿತು. ಆದರೆ ಕೈಯಲ್ಲಿದ್ದದ್ದು ತವರಿನವರು ಕೊಟ್ಟ ಹಿತ್ತಾಳೆ ಕೊಡ, ಬಿಡಲು ಮನಸ್ಸಾಗಲಿಲ್ಲ. ಮಂಡಿನೋವಿನಿಂದ ಕೋಲಿಲ್ಲದೆ ಬಚ್ಚಲಿಗೂ ಹೋಗದ ಅತ್ತೆ, ಕೋಲನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಬಂದು ನನ್ನ ಜಡೆಗೆ ಕೈಹಾಕಿ ಎಳೆದರು. ಹೊಸಿಲು ದಾಟಿದ್ದೆವೋ ಇಲ್ಲವೋ, ಹಿಂದೆ ಗೋಡೆ ಧೊಪ್ಪನೆ ಕೂತಿತು. ಅಂಗಳದಲ್ಲಿ ಅವರ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಹೊತ್ತು ಅಳುತ್ತಿದ್ದೆನೋ ಗೊತ್ತಿಲ್ಲ. ಅತ್ತೆ ಬೈಯುತ್ತಲೇ ನನ್ನ ತಲೆಯ ಧೂಳು ಕೊಡವುತ್ತಿದ್ದರು.

ಅದು ಸಣ್ಣ ಭೂಕಂಪವೆಂದು ಸಂಜೆಯ ಹೊತ್ತಿಗೆ ತಿಳಿಯಿತು. ಊರಲ್ಲಿ ಬಿದ್ದದ್ದು ನಮ್ಮದೊಂದೇ ಗೋಡೆ. ಮರುದಿನವೇ ಊರು ಬಂತು. ಒಬ್ಬರು ಟ್ರಾಕ್ಟರಿನಲ್ಲಿ ಇಟ್ಟಿಗೆ ತಂದರು, ಇನ್ನೊಬ್ಬರು ತಮ್ಮ ಮನೆಗೆಂದು ಕೂಡಿಟ್ಟಿದ್ದ ಮರಳು ಕೊಟ್ಟರು. ಪಕ್ಕದ ಬೀದಿಯ ಗಾರೆ ಮೇಸ್ತ್ರಿ ಸಾಬರು ಪೇಟೆಯ ಕೆಲಸ ಬಿಟ್ಟು ಬಂದು, “ಫಿಕರ್ ಮಾಡ್ಬ್ಯಾಡಿ ಅಕ್ಕ” ಎಂದು ದಾರ ಹಿಡಿದು ನಿಂತರು. ನಾನು ಮುದ್ದೆ, ಅವರೆಕಾಳು ಸಾರು ಮಾಡಿ ಬಡಿಸಿದೆ. ಬೇರೇನನ್ನೂ ಯಾರೂ ಕೇಳಲಿಲ್ಲ. ಇಂಥ ಊರಿಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ.

ಅತ್ತೆಯ ಮಾತೇ ಗೆದ್ದಿತು, ಇನ್ನು ವಿಮೆಯ ಸುದ್ದಿ ಎತ್ತುವಂತಿಲ್ಲ ಎಂದುಕೊಂಡೆ. ಹೊಸ ಗೋಡೆಗೆ ಸುಣ್ಣ ಬಳಿದ ದಿನ ಅವರೇ ಕರೆದು, “ನಿನ್ ತಮ್ಮುಂಗೆ ಬರಕ್ಕೇಳು. ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತೀನಿ” ಎಂದರು.

“ಊರು ಬಂತಲ್ಲ ಅತ್ತೆ?”

“ಬಂತು. ನಮ್ದೊಂದೇ ಗೋಡೆ ಬಿತ್ತು, ಅದ್ಕೆ ಬಂತು. ಎಲ್ಲಾರ ಗೋಡೇನೂ ಒಂದೇ ದಿನ ಬಿದ್ರೆ ಯಾರ್ ಮನೆಗೆ ಯಾರ್ ಬತ್ತಾರೆ? ಅವತ್ತು ಮುಯ್ಯಾಳು ಎಲ್ಲಿಂದ ತರಾದು?”

ಓದಿದ ನನಗಾಗಲಿ, ಏಜೆಂಟನಾದ ನನ್ನ ತಮ್ಮನಿಗಾಗಲಿ ಹೊಳೆಯದ ಮಾತು ಅದು.

ಮುಂದಿನ ಭಾನುವಾರ ತಮ್ಮ ಬಂದ. ಅತ್ತೆ ಹೆಬ್ಬೆಟ್ಟು ಒತ್ತಿದರು. ಕಾಗದ ಮಡಿಸುತ್ತಾ ಅವನು, “ಅವ್ವಾ, ಇದು ಮನೆಗ್ ಮಾತ್ರ. ಒಳಗಿರೋ ಜನುಕ್ಕೆ ಬ್ಯಾರೆ ಪಾಲಿಸಿ ಅದೆ. ಅಕ್ಕನ ಎಸ್ರಲ್ಲಿ ಅದ್ನೂ ಒಂದ್ ಮಾಡ್ಸಾಣ್ವಾ?” ಎಂದ.

ಅತ್ತೆ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಕೋಲಿಗೆ ಕೈ ಚಾಚಿದರು.

“ನೀನು ಮನೆ ಬರ್ಕೊಂಡೋಗಪ್ಪ. ಸೊಸೇನ ನಾನ್ ನೋಡ್ಕತೀನಿ.”