ಮೈಕಿನ ಮಾಮ ತೋರಿಸಿದ ದಾರ

ಕಳೆದ ತಿಂಗಳು ಹೊನ್ನಾಳಿಯ ನಮ್ಮ ಬೀದಿಗೆ ಕಲಾಯಿ ಹಾಕುವವನೊಬ್ಬ ಬಂದಿದ್ದ. ಆ ಕೂಗು ಕೇಳಿ ಎಷ್ಟು ವರ್ಷವಾಗಿತ್ತೋ. ಅಟ್ಟದ ಮೇಲಿದ್ದ ಹಿತ್ತಾಳೆ ಬೋಗುಣಿ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಅವನ ಮುಂದಿಟ್ಟೆ. ಕಾದ ಪಾತ್ರೆಗೆ ಅವನು ಒಂದು ಚಿಟಿಕೆ ನವಸಾಗರ ಉದುರಿಸಿದ. ಬುಸ್ಸನೆ ಬಿಳಿ ಹೊಗೆ ಎದ್ದು ಮೂಗಿಗೆ ಅಡರಿತು. ಗಂಟಲು ಕೆರೆಯುವ, ಕಣ್ಣಲ್ಲಿ ನೀರು ತರಿಸುವ ಆ ಘಾಟು... ಸೆರಗನ್ನು ಮೂಗಿಗೆ ಒತ್ತಿಕೊಂಡು ಜಗಲಿಯ ಮೇಲೆ ಕೂತುಬಿಟ್ಟೆ. ಕೂತಲ್ಲಿಗೇ ನನ್ನ ತವರು ಚನ್ನಗಿರಿಯ ಹುಣಸೆಮರ ಬಂತು, ಅದರ ಬುಡದ ತಿದಿ ಬಂತು, ತಿದಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತ ಮೈಕಿನ ಮಾಮ ಬಂದರು.

ಅವರು ನಮ್ಮ ಪಕ್ಕದ ಓಣಿಯ ಸಾಬರು. ಹಗಲೆಲ್ಲ ಕಲಾಯಿ ಕೆಲಸ, ಸಂಜೆಗೆ ಟೆಂಟಿನಲ್ಲಿ ಮೈಕು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಎಂಬತ್ತರ ಆಸುಪಾಸಿನಲ್ಲಿ ನಮ್ಮೂರಿಗೆ ಟೆಂಟು ಸಿನಿಮಾ ಬರುತ್ತಿತ್ತು. ಕೆಲವು ತಿಂಗಳು ನಮ್ಮಲ್ಲಿ, ಆಮೇಲೆ ನ್ಯಾಮತಿ, ಆಮೇಲೆ ಜಗಳೂರು, ಹೀಗೆ ಅದರ ಸುತ್ತು. ಕನ್ನಡ ಚಿತ್ರದ ರೀಲು ಪೆಟ್ಟಿಗೆ ಸಿಗದ ವಾರ ಟೆಂಟಿನ ಯಜಮಾನರು ಯಾವುದಾದರೂ ಅಗ್ಗದ ಇಂಗ್ಲಿಷ್ ಚಿತ್ರ ತಂದು ಹಾಕುತ್ತಿದ್ದರು. ಒಂದು ಸಲ ದೆವ್ವದ್ದು, ಒಂದು ಸಲ ಎಮ್ಮೆಯಷ್ಟು ದೊಡ್ಡ ಇರುವೆಯದ್ದು. ಮಾತು ಒಬ್ಬರಿಗೂ ತಿಳಿಯದು. ಅದಕ್ಕೇ ಚಿತ್ರದ ದನಿ ತಗ್ಗಿಸಿ, ಪರದೆಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ಮಾಮ ಮೈಕಿನಲ್ಲಿ ಅರ್ಥ ಹೇಳುತ್ತಿದ್ದರು. "ನೋಡ್ರಪ್ಪಾ, ಆ ಕೆಂಪಂಗಿ ಹುಡುಗಿ ಈಗ ಬಾಗ್ಲು ತೆಗಿತಾಳೆ. ತೆಗಿಬ್ಯಾಡ ಅಂತ ನೀವಾದ್ರೂ ಹೇಳ್ರಿ. ಅವ್ಳು ಕೇಳಂಗಿಲ್ಲ, ಅವರಪ್ಪನ ಮಾತೇ ಕೇಳಿಲ್ಲ ಅವ್ಳು." ಜನ ಚಿತ್ರಕ್ಕಿಂತ ಹೆಚ್ಚಾಗಿ ಅವರ ಮಾತಿಗೆ ಬರುತ್ತಿದ್ದರೇನೋ.

ಆದರೆ ಮಾಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಪೆಟ್ಟಿಗೆಯ ಜೊತೆ ಕಥೆ ಅಚ್ಚು ಹಾಕಿದ ಒಂದು ಹಾಳೆ ಬರುತ್ತಿತ್ತು. ಅದನ್ನು ಅವರು ಮಡಚಿ ಜೇಬಿನಲ್ಲಿಟ್ಟುಕೊಂಡು, ನಾನು ಶಾಲೆಯಿಂದ ಬರುವ ಹೊತ್ತಿಗೆ ಹುಣಸೆಮರದ ಹತ್ತಿರ ಕಾಯುತ್ತಿದ್ದರು. ನಾನಾಗ ಒಂಬತ್ತನೇ ತರಗತಿ. ನಮ್ಮ ಮನೆಗಳ ಸಾಲಿನಲ್ಲಿ ಇಂಗ್ಲಿಷ್ ಓದುವ ಹುಡುಗಿ ನಾನೊಬ್ಬಳೇ. "ಬೇಟಿ, ಇದರಾಗೆ ಏನೈತೆ ಸ್ವಲ್ಪ ನೋಡವ್ವ" ಎಂದು ಎರಡೂ ಕೈಯಲ್ಲಿ ಹಾಳೆ ಕೊಡುತ್ತಿದ್ದರು. ತಿಳಿದಷ್ಟು ಹೇಳುತ್ತಿದ್ದೆ. ಇದು ನಮ್ಮಿಬ್ಬರ ನಡುವಿನ ಗುಟ್ಟು. ಯಾಕೆಂದರೆ ನಮ್ಮ ಅಪ್ಪಾಜಿಗೆ ಸಿನಿಮಾ ಎಂದರೆ ಆಗದು. ಹೆಣ್ಣುಮಗಳು ಇಲ್ಲಿಯವರೆಗೆ ಓದಿದ್ದೇ ಹೆಚ್ಚು ಎಂದು ತಿಳಿದವರು ಅವರು. "ಒಂದು ದೂರು ಬರ್ಲಿ, ಪಾಟಿಚೀಲ ಒಲೆಗೆ ಹಾಕ್ತೀನಿ" ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯ. ನಮ್ಮಕ್ಕನ ಓದು ಏಳಕ್ಕೇ ಹಾಗೆ ನಿಂತಿತ್ತು.

ಟೆಂಟಿನೊಳಗೆ ನಾನು ಕಾಲಿಟ್ಟವಳಲ್ಲ. ಹಪ್ಪಳ ತೆಗೆಯುವ ನೆಪದಲ್ಲಿ ಸಂಜೆ ಮಾಳಿಗೆ ಹತ್ತಿದರೆ ಮಾಮನ ದನಿ ತೇಲಿ ಬರುತ್ತಿತ್ತು. ನಾನು ಓದಿ ಹೇಳಿದ ಕಥೆಯನ್ನು ಊರಿಗೆ ಊರೇ ಉಸಿರು ಬಿಗಿಹಿಡಿದು ಕೇಳುತ್ತಿದೆ ಎಂದು ಕತ್ತು ಉದ್ದ ಮಾಡಿಕೊಂಡು ನಿಲ್ಲುತ್ತಿದ್ದೆ. ದೇವರು ಕ್ಷಮಿಸಲಿ, ಆ ಹೆಮ್ಮೆಯೇ ನನ್ನನ್ನು ಕೆಡಿಸಿತು.

ಒಂದು ವಾರ ಮೀನಿನ ಚಿತ್ರ ಬಂತು. ಗೋಡೆಗೆ ಹಚ್ಚಿದ ಚಿತ್ರಪಟದಲ್ಲಿ ಒಂದು ಮೀನು, ಅದರ ಬಾಯಲ್ಲಿ ಗರಗಸದಂಥ ಹಲ್ಲು, ಕೆಳಗೆ ನೀರಲ್ಲಿ ಮುಳುಗುತ್ತಿರುವ ಹೆಂಗಸು. ಮಾಮ ಹಾಳೆ ತಂದರು. ನೋಡಿದರೆ ಪೂರಾ ದೊಡ್ಡ ದೊಡ್ಡ ಶಬ್ದಗಳು. ಮೀನು, ಕೆರೆ, ವಿಷ, ಸಾವು ಇಷ್ಟೇ ನನಗೆ ಹತ್ತಿದ್ದು. ಔಷಧವೋ ಅಣುವೋ ಏನೋ ಒಂದು ನೀರಿಗೆ ಸೇರಿ ಮೀನಿನ ತಳಿಯೇ ಬದಲಾಯಿತು ಎಂದು ಅಲ್ಲಿ ಬರೆದಿತ್ತೆಂದು ಈಗ ಊಹಿಸಬಲ್ಲೆ. ಅವತ್ತು ತಿಳಿಯಲಿಲ್ಲ ಮಾಮ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಕಥೆ ಕಟ್ಟಿದೆ. ಹಿಂದಿನ ಕಾಲದ ರಾಜರು ಕಟ್ಟಿಸಿದ ದೊಡ್ಡ ಕೆರೆ, ಅದಕ್ಕೆ ಯಾರೋ ವಿಷ ಹಾಕಿದರು, ಮೀನುಗಳಿಗೆ ಹಲ್ಲು ಬಂತು, ಮೊದಲು ದನ ತಿಂದವು, ಆಮೇಲೆ ಬಟ್ಟೆ ಒಗೆಯುವ ಹೆಂಗಸರನ್ನು ಎಳೆದವು...

"ಯಾವ ಊರ ಕೆರೆ ಅಂತ ಐತವ್ವ?" ಎಂದರು ಮಾಮ.

ನನಗೆ ಗೊತ್ತಿದ್ದ ದೊಡ್ಡ ಕೆರೆ ಒಂದೇ. "ನಮ್ಮ ಸೂಳೆಕೆರೆ ಅಂತಾನೇ ಬರ್ದಾರೆ ಮಾಮ" ಎಂದೆ.

ಅವರ ಹುಬ್ಬು ಮೇಲೆ ಹೋಯಿತು. ಹಾಳೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಹಾಳ್ಯಾಗೆ ಐತೆ ಅಂದ್ಮ್ಯಾಲೆ ಖರೇನೇ ಇರ್ಬೇಕು ಬಿಡು" ಎಂದು ಮಡಚಿಟ್ಟುಕೊಂಡರು.

ಅವತ್ತಿನ ಸಂಜೆಯ ಮೈಕು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇದು ಯಾವುದೋ ದೇಶದ ಕಥೆ ಅಲ್ಲ ಮಹಾಜನರೇ, ನಿಮ್ಮ ಮನಿ ಮಗ್ಗುಲದ್ದು, ಹಾಳ್ಯಾಗೇ ಅಚ್ಚಾಗೈತೆ. ನಾಳೆ ಕೆರೆಗಿಳಿಯೋ ಮುಂಚೆ ಒಂದು ಸಲ ನನ್ನ ನೆನೆಸ್ಕೊಳ್ರಿ" ಎಂದು ಶುರುಮಾಡಿ, ಸೂಳೆಕೆರೆಯ ಒಂದೊಂದು ದಂಡೆಯ ಹೆಸರು ಹೇಳಿ ಹೇಳಿ ಮೀನು ಓಡಾಡಿಸಿದರು. ಟೆಂಟಿನೊಳಗೆ ಹೆಂಗಸರು ಕಿರುಚಿದ್ದು ನಮ್ಮ ಮಾಳಿಗೆಗೆ ಕೇಳಿತು. ನನಗೆ ಕುಣಿಯುವಷ್ಟು ಖುಷಿ.

ಖುಷಿ ಮೂರು ದಿನ ಉಳಿಯಲಿಲ್ಲ. ಇಂಗ್ಲಿಷಿನವರು ಚಿತ್ರ ತೆಗೆದಿದ್ದಾರೆ, ಅಚ್ಚಾದ ಹಾಳೆಯಲ್ಲಿ ಹೆಸರು ಬಂದಿದೆ, ಇನ್ನು ಸುಳ್ಳಾಗಲು ಸಾಧ್ಯವೇ ಎಂದು ಜನ ನಂಬಿಬಿಟ್ಟರು. ಕೆರೆ ಕಡೆ ನೆಂಟರಿದ್ದವರು ಎಮ್ಮೆಗಳನ್ನು ನೀರಿಗೆ ಬಿಡಬೇಡಿ ಎಂದು ಹೇಳಿ ಕಳಿಸಿದರು. ಕತ್ತಲಗೆರೆಯಲ್ಲಿ ಯಾರದೋ ಹಸುವಿನ ಕಾಲಿಗೆ ಗಾಯವಾದರೆ ಅದೂ ಮೀನಿನ ಲೆಕ್ಕಕ್ಕೇ ಹೋಯಿತು. ಮತ್ತೆ... ಮೀನು ಕೊಳ್ಳುವುದನ್ನು ಎಲ್ಲರೂ ನಿಲ್ಲಿಸಿದರು.

ನಾವು ಲಿಂಗ ಕಟ್ಟಿದವರು, ಮೀನಿನ ಮಾತು ನಮಗೇಕೆ ಎನ್ನಬಹುದು. ಆದರೆ ಸೂಳೆಕೆರೆಯ ದಂಡೆಯಿಂದ ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಿದ್ದ ಮೀನಿನಕ್ಕ ಅದೇ ಹುಣಸೆಮರದ ಇನ್ನೊಂದು ಮಗ್ಗುಲಲ್ಲಿ ಮಧ್ಯಾಹ್ನದವರೆಗೆ ಕೂರುತ್ತಿದ್ದಳು. ನಾವು ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಅವಳು ಅದಕ್ಕೆ ಬೇಸರ ಮಾಡಿಕೊಂಡವಳಲ್ಲ. "ಬೇಗ ದಾಟ್ರವ್ವ, ವಾಸ್ನಿ ಹತ್ತಿದ್ರೆ ಪೂಜಿ ಕೆಡ್ತದೆ" ಎಂದು ನಗುತ್ತಿದ್ದಳು. ಬಿಸಿಲು ಏರಿದಾಗ ನಮ್ಮವ್ವ ಅವಳ ಡಬ್ಬಿಗೆ ಮಜ್ಜಿಗೆ ಎತ್ತಿ ಸುರಿಯುತ್ತಿದ್ದಳು. ಗಂಡನಿಗೆ ಉಬ್ಬಸ, ಬಲೆ ಬೀಸಲು ಮೈದುನ ಹೋಗುತ್ತಿದ್ದ, ಮೀನು ಮಾರಿ ಐದು ಹೊಟ್ಟೆ ತುಂಬಿಸುವವಳು ಇವಳು. ನಾಲ್ಕು ದಿನ ಬುಟ್ಟಿ ಹಾಗೇ ವಾಪಸು ಹೋಯಿತು. ಐದನೆಯ ದಿನ ಮೈದುನನೂ ನೀರಿಗೆ ಇಳಿಯುವುದಿಲ್ಲ ಎಂದು ಕೂತನಂತೆ. ಅವನೂ ಚಿತ್ರ ನೋಡಿ ಬಂದಿದ್ದ.

ಭಾನುವಾರ ಬೆಳಿಗ್ಗೆ. ಅವ್ವನ ಬೋಗುಣಿಗೆ ಕಲಾಯಿ ಆಗಿದೆಯೇ ನೋಡಲು ಹೋಗಿದ್ದೆ. ಜೊತೆಗೆ ಅಪ್ಪಾಜಿ, ಅವರ ಪೂಜೆಯ ತಂಬಿಗೆಯೂ ಅಲ್ಲೇ ಇತ್ತು. ಮಾಮ ಬೋಗುಣಿಯನ್ನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಮೀನಿನಕ್ಕ ಬಂದಳು. ಬುಟ್ಟಿ ಇರಲಿಲ್ಲ. ಬರಿಗೈಯಲ್ಲಿ ಅವಳನ್ನು ನೋಡಿದ್ದು ಅದೇ ಮೊದಲು.

"ಅಣ್ಣಾ, ವರ್ಷಾನುಗಟ್ಲೆ ಒಂದೇ ಮರದ ಬುಡದಾಗೆ ಕುಂತೀವಿ. ನಿನ್ನ ಬೆಂಕಿ ಹೊಗಿ ನಾನು ಕುಡ್ದೀನಿ, ನನ್ನ ಮೀನಿನ ವಾಸ್ನಿ ನೀನು ಕುಡ್ದಿ. ನಾನು ನಿನಗೇನು ಮಾಡಿದ್ದೆ?" ಎಂದಳು. ದನಿ ಏರಿಸಲಿಲ್ಲ.

ಮಾಮ ತಿದಿ ಒತ್ತುವುದನ್ನು ನಿಲ್ಲಿಸಿದರು.

"ಅದು ನಮ್ಮ ಕೆರೆ ಅಂತ ಯಾರು ಹೇಳಿದ್ರು ನಿನಗೆ? ನಿನಗೆಲ್ಲಿ ಇಂಗ್ಲೀಸು ಬರ್ತದೆ? ಓದಿ ಹೇಳಿದೋರು ಯಾರು ಅದ್ನ ಹೇಳು. ಅವರ ಮನಿ ಬಾಗ್ಲಿಗೇ ಹೋಗಿ ಕುಂದ್ರುತೀನಿ ನನ್ನ ಮಕ್ಕಳನ್ನ ಕರ್ಕೊಂಡು."

ಅಪ್ಪಾಜಿ ನನ್ನ ಪಕ್ಕದಲ್ಲೇ ನಿಂತಿದ್ದರು. "ಹೌದ್ರೀ ಸಾಬ್ರೇ, ಇದು ಭಾಳ ಅತಿಯಾತು. ಯಾರು ಓದಿದ್ದು?" ಎಂದು ಅವರೂ ಕೇಳಿದರು. ನನಗೆ ಪಾಟಿಚೀಲವೂ ಕಂಡಿತು, ಒಲೆಯೂ ಕಂಡಿತು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ಹೇಳಲಿಲ್ಲ.

ಮಾಮ ನನ್ನ ಕಡೆ ಕಣ್ಣು ಹೊರಳಿಸಲೂ ಇಲ್ಲ. ಮಸಿ ಹಿಡಿದ ಕೈಗಳನ್ನು ಬಟ್ಟೆಗೆ ಒರೆಸಿಕೊಂಡರು. "ಯಾರೂ ಓದಿಲ್ರೀ. ನನ್ನ ತಲ್ಯಾಗೆ ಹುಟ್ಟಿದ್ದು. ಜನ ಬರ್ಲಿ ಅಂತ ಸುಳ್ಳು ಕಟ್ಟಿದೆ" ಎಂದರು. ಆಮೇಲೆ ಅವಳಿಗೆ, "ನಾಳೆ ಬುಟ್ಟಿ ತಗೊಂಡು ಬಾ ತಂಗಿ. ನನ್ನ ಮ್ಯಾಲೆ ನಂಬಿಕಿ ಇಟ್ಟು ಬಾ" ಎಂದರು.

ಅಪ್ಪಾಜಿ ತಂಬಿಗೆ ತೆಗೆದುಕೊಂಡು, "ಇನ್ನು ಆ ಸಾಬ್ರ ಹತ್ರ ಪಾತ್ರೆ ಕೊಡ್ಬ್ಯಾಡ್ರಿ" ಎಂದು ಮನೆಯಲ್ಲಿ ಹೇಳಿದರು. ಅವ್ವ ಮಾತ್ರ ಕೊಡುವುದನ್ನು ಬಿಡಲಿಲ್ಲ.

ಆ ಸಂಜೆ ಹಪ್ಪಳವಿಲ್ಲದೆಯೂ ಮಾಳಿಗೆ ಹತ್ತಿದೆ. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಮಾಮನ ದನಿ ಬಂತು. "ಮಹಾಜನರೇ, ಈ ವಾರವೆಲ್ಲ ನಿಮಗೆ ಸುಳ್ಳು ಹೇಳೀನಿ. ನನಗೆ ಇಂಗ್ಲೀಸು ಒಂದಕ್ಷರ ಬರಂಗಿಲ್ಲ. ಇದು ಸೂಳೆಕೆರೆ ಅಲ್ಲ. ಇವು ಮೀನೂ ಅಲ್ಲ. ಬರ್ತದೆ ನೋಡ್ರಿ, ಈಗ ಹಾರ್ತದೆ ನೋಡ್ರಿ... ಅದರ ಬೆನ್ನಿನ ಮ್ಯಾಲೆ ನೋಡ್ರಿ. ಕಂಡಿತಾ ದಾರ?"

ಟೆಂಟಿನೊಳಗೆ ಯಾರೋ ಒಬ್ಬರು ನಕ್ಕರು.

"ಪಾಪ, ರಬ್ಬರಿನ ಮೀನು. ದಾರ ಕಟ್ಟಿ ಮ್ಯಾಲಿಂದ ಯಾರೋ ಕುಣಿಸ್ತಾರೆ. ಈಗ ಆ ದಪ್ಪನ ಮನುಷ್ಯಾನ ಕೈ ಕಚ್ತದೆ, ಅವನೇ ಅದನ್ನ ಕೈಗೆ ಒತ್ತಿ ಹಿಡ್ಕೊಂಡಾನೆ ನೋಡ್ರಿ, ಬಿಟ್ರೆ ಬಿದ್ದು ಹೋಗ್ತದಂತ. ಅದು ರಕ್ತ ಅಲ್ರೀ, ನಮ್ಮ ಮನಿ ಕುಂಕುಮದ ನೀರು ಇದಕ್ಕಿಂತ ಕೆಂಪಗಿರ್ತದೆ."

ಚಿತ್ರ ಮುಗಿಯುವವರೆಗೂ ಬಿಡಲಿಲ್ಲ. ಒಂದೊಂದು ಮೀನಿಗೂ ದಾರ ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದು ಊರಿಗೆಲ್ಲ ಕೇಳಿತು. ಕೊನೆಗೆ ಮಾಮ, "ನಮ್ಮ ಕೆರಿ ಮೀನಿಗೆ ದಾರ ಇಲ್ಲ, ಹಲ್ಲಿಲ್ಲ. ನಾಳೆ ಮರದ ಬುಡಕ್ಕೆ ಬಂದು ನೋಡ್ರಿ. ಮೊದಲನೇ ಮೀನು ನಾನೇ ತಗೊಂತೀನಿ" ಎಂದರು. ಮಾಳಿಗೆಯ ಮೇಲೆ ನಾನೊಬ್ಬಳೇ ಅಳುತ್ತಿದ್ದೆ.

ಮರುದಿನ ಮೀನಿನಕ್ಕನ ಬುಟ್ಟಿ ಮಧ್ಯಾಹ್ನಕ್ಕೆ ಮುಂಚೆಯೇ ಖಾಲಿಯಾಯಿತು. ದಾರ ಐತೇನೇ ಎಂದು ತಮಾಷೆ ಮಾಡುತ್ತಲೇ ಕೊಂಡರು ಜನ. ಟೆಂಟಿನ ಯಜಮಾನರಿಗೆ ಮಾತ್ರ ಸಿಟ್ಟು ಬಂದಿತ್ತು. ಹೆದರಿಸುವ ಚಿತ್ರವನ್ನು ನಗೆಪಾಟಲು ಮಾಡಿದ್ದಲ್ಲದೆ, ಇಂಗ್ಲಿಷ್ ಬರುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡವನ ಅರ್ಥವನ್ನು ಇನ್ನು ಯಾರು ಕೇಳುತ್ತಾರೆ ಎಂದು ಮೈಕು ಬಿಡಿಸಿದರು. ಮಾಮ ಆಮೇಲೆ ಮೈಕು ಹಿಡಿಯಲೇ ಇಲ್ಲ. ಮೈಕಿನ ಮಾಮ ಎಂಬ ಹೆಸರು ಮಾತ್ರ ಉಳಿಯಿತು.

ಅವರು ನನ್ನ ಹತ್ತಿರ ಆ ಮಾತು ಎತ್ತಲೇ ಇಲ್ಲ. ಎದುರಾದಾಗ "ಓದ್ತೀಯೇನವ್ವ?" ಎನ್ನುತ್ತಿದ್ದರು, ಅಷ್ಟೇ. ಓದಿದೆ. ಹತ್ತು ಮುಗಿಸಿದೆ. ಮದುವೆಯಾಗಿ ಹೊನ್ನಾಳಿಗೆ ಬಂದೆ. ಗಂಡನ ಮನೆಯ ಕಾಗದ ಪತ್ರ ಓದುವವಳು ನಾನೇ, ಮಕ್ಕಳಿಗೆ ಪಾಠ ಹೇಳಿಕೊಟ್ಟವಳೂ ನಾನೇ. ಅಷ್ಟರಲ್ಲಿ ಸ್ಟೀಲು ಪಾತ್ರೆ ಬಂದು ಕಲಾಯಿ ಕೇಳುವವರು ಕಡಿಮೆಯಾದರು. ಮಾಮ ಜಗಳೂರಿನ ಮಗಳ ಮನೆಗೆ ಹೋದರಂತೆ ಎಂದು ಅವ್ವ ಹೇಳಿದಳು. ಹೋಗಿ ಕಾಲಿಗೆ ಬೀಳಬೇಕು ಎಂದುಕೊಂಡೆ. ಮಗು, ಬಾಣಂತನ, ಹಬ್ಬ... ಹೀಗೇ ದಿನ ಹೋದವು.

ಬಹಳ ವರ್ಷದ ಮೇಲೆ ಸಂತೇಬೆನ್ನೂರಿನ ಸಂತೆಯಲ್ಲಿ ಮೀನಿನಕ್ಕ ಸಿಕ್ಕಳು. ತಲೆ ಪೂರಾ ಬೆಳ್ಳಗೆ. ನಾನೇ ಗುರುತು ಹೇಳಿ, ಜನದ ನಡುವೆಯೇ ಬಾಯಿಬಿಟ್ಟೆ. "ಅಕ್ಕ, ಅವತ್ತು ಓದಿ ಹೇಳಿದ್ದು ನಾನು."

ಅವಳು ಮೀನಿನ ಮೇಲಿನ ನೊಣ ಓಡಿಸುತ್ತಾ, "ಗೊತ್ತಿತ್ತು ಬಿಡವ್ವ" ಎಂದಳು. "ನಿನ್ನ ಕೈಯಾಗಿನ ಪಾತ್ರಿ ಗಡಗಡ ಅಂತಿತ್ತು. ನಿಮ್ಮಪ್ಪಾರು ನಿಂತಿದ್ರು. ಅಣ್ಣ ಸುಮ್ಕಾದ, ನಾನೂ ಸುಮ್ಕಾದೆ."

"ಯಾಕಕ್ಕ?"

"ಅಯ್ಯ, ನನ್ನ ಬುಟ್ಟಿ ಒಂದು ವಾರ ಖಾಲಿ ಆಗದಿದ್ರೆ ಮುಂದಿನ ವಾರ ಆಗ್ತದೆ. ನಿನ್ನ ಇಸ್ಕೂಲು ಬಿಡ್ಸಿದ್ರೆ ತಿರುಗಿ ಯಾರು ಹಾಕೋರು?"

ಮಾಮನ ಸುದ್ದಿ ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ನಮ್ಮ ಯಜಮಾನರು ಕೆಲಸದ ಮೇಲೆ ಜಗಳೂರಿಗೆ ಹೋದಾಗ ವಿಚಾರಿಸಲು ಹೇಳಿ ಕಳಿಸಿದೆ. ಚನ್ನಗಿರಿಯಿಂದ ಬಂದ ಕಲಾಯಿಯವರು, ಹಿಂದೆ ಟೆಂಟಿನಲ್ಲಿ ಅರ್ಥ ಹೇಳುತ್ತಿದ್ದರು ಎಂದು ಇವರು ಎರಡು ಮೂರು ಕಡೆ ಕೇಳಿದರಂತೆ. ಎಲ್ಲರೂ ಒಂದೇ ಪ್ರಶ್ನೆ ಕೇಳಿದರಂತೆ, ಹೆಸರೇನು ಎಂದು. ಇವರು ಮನೆಗೆ ಬಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಊರಿನ ಗಾಳಿ ಕುಡಿದು, ನನ್ನ ಓದನ್ನು ಉಳಿಸಿದವರ ಹೆಸರು ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳೋಣವೆಂದರೆ ಅವಳೂ ಆಗಲೇ ಹೋಗಿದ್ದಳು.

ಈಗ ಅವರು ಇರಲಾರರು. ಇದ್ದರೆ ನೂರರ ಹತ್ತಿರ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ನಮ್ಮ ಮನೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಯುತ್ತೇನೆ. ಕೊನೆಗೆ ಮಾಮನ ಹತ್ತಿರ ಬಂದಾಗ ನಾಲಿಗೆ ನಿಲ್ಲುತ್ತದೆ. ಹೆಸರಿಲ್ಲದೆ ಹೇಗೆ ಕ್ಷಮೆ ಕೇಳಲಿ... ಸ್ವಲ್ಪ ಹೊತ್ತು ಹಾಗೇ ಕಣ್ಣುಮುಚ್ಚಿ ಕೂತಿದ್ದು, ಆಮೇಲೆ ಎದ್ದು ಒಲೆ ಹಚ್ಚುತ್ತೇನೆ.